ಸತ್ತ ಸಿಂಹದ ಫೋಟೊ, ಹೊಲ ಮೇಯುವ ಚಿಗರಿ

2014ರ ಡಿಸೆಂಬರ್ ಕೊನೆಯಲ್ಲಿ ಖಾನಾಪುರ ತಾಲ್ಲೂಕಿನ ಕಾಡಂಚಿನ ಊರಲ್ಲಿ ಹುಲಿಯೊಂದು ಹೆಣ್ಣುಮಗಳೊಬ್ಬಳನ್ನು ಕೊಂದಿತು. ಆ ಹುಲಿ ಅಲ್ಲಿಯದಲ್ಲ. ಚಿಕ್ಕಮಗಳೂರು ಕಡೆ ಒಂದು ಜೀವ ತೆಗೆದಿದ್ದ ಅದನ್ನು ಹಿಡಿದು ತಂದು ಭೀಮಗಡದ ಕಾಡಿಗೆ ಬಿಟ್ಟಿದ್ದರು. ಜನ ರೊಚ್ಚಿಗೆದ್ದರು. ಹುಲಿಯನ್ನು ಹೊಡೆದು ಹಾಕಿ ಎಂದು ಪಟ್ಟು ಹಿಡಿದರು. ಆ ತಿಂಗಳು ಮುಗಿಯುವುದರೊಳಗೆ ಹುಲಿ ಗುಂಡಿಗೆ ಸತ್ತಿತು. ಸುತ್ತಲಿನ ಊರುಗಳು ನಿಟ್ಟುಸಿರು ಬಿಟ್ಟವು.

ಅದಾಗಿ ಆರು ತಿಂಗಳಿಗೆ, 2015ರ ಜುಲೈ ಮೊದಲ ವಾರದಲ್ಲಿ, ಜಿಂಬಾಬ್ವೆ ದೇಶದ ಹ್ವಾಂಗೆ ರಾಷ್ಟ್ರೀಯ ಉದ್ಯಾನದ ಹೊರಗೆ ಸೆಸಿಲ್ ಎಂಬ 13 ವರ್ಷದ ಗಂಡು ಸಿಂಹ ಸತ್ತಿತು. ಕೊಂದವನು ಅಮೆರಿಕದ ಒಬ್ಬ ಹಲ್ಲಿನ ಡಾಕ್ಟರ್. ಸುಮಾರು 50,000 ಡಾಲರ್ ಕೊಟ್ಟು ಬೇಟೆಗೆ ಬಂದಿದ್ದ. ಸತ್ತ ಆನೆಯ ಮಾಂಸದ ಆಸೆಗೆ ಬಂದ ಸಿಂಹಕ್ಕೆ ಮೊದಲು ಬಾಣ ಬಿಟ್ಟ. ಗಾಯಗೊಂಡ ಸಿಂಹ ಗಂಟೆಗಟ್ಟಲೆ ನರಳಿತು. ಆಮೇಲೆ ಹುಡುಕಿ ಹೋಗಿ ಕೊಂದರು. ಅದರ ಕೊರಳಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅದರ ಓಡಾಟ ತಿಳಿಯಲು ಹಾಕಿದ್ದ ಕಾಲರ್ ಇತ್ತು. ಸುದ್ದಿ ಹೊರಬಿದ್ದ ಮೇಲೆ ಜಗತ್ತೇ ಕುದಿಯಿತು. ಆ ಡಾಕ್ಟರ್ ಕೆಲವು ವಾರ ತನ್ನ ದವಾಖಾನೆಯ ಬಾಗಿಲು ಹಾಕಬೇಕಾಯಿತು.

ಎರಡೂ ಸಾವೇ. ಒಂದಕ್ಕೆ ಸಮಾಧಾನ, ಇನ್ನೊಂದಕ್ಕೆ ಕೆಂಡದಂಥ ಸಿಟ್ಟು. ಇದರಲ್ಲಿ ಯಾವುದೋ ಒಂದು ಭಾವನೆ ಸುಳ್ಳು ಅಂತ ನನಗೆ ಅನಿಸುವುದಿಲ್ಲ. ಖಾನಾಪುರದಲ್ಲಿ ಯಾರೂ ಖುಷಿಗಾಗಿ ಕೊಲ್ಲಲಿಲ್ಲ. ಹ್ವಾಂಗೆಯಲ್ಲಿ ಕೊಂದದ್ದೇ ಖುಷಿಗಾಗಿ. ವ್ಯತ್ಯಾಸ ಅಲ್ಲೇ ಇದೆ. ಆದರೆ ನಮ್ಮ ಸಿಟ್ಟು ಅಲ್ಲಿಗೇ ನಿಂತುಬಿಟ್ಟರೆ ಪ್ರಾಣಿಗೆ ಏನೂ ಸಿಗುವುದಿಲ್ಲ. ಹೊಲದ ಬದುವಿನಲ್ಲಿ ಆ ಪ್ರಾಣಿಯ ಜೊತೆ ಬಾಳುವ ಮನುಷ್ಯನಿಗೂ ಏನೂ ಸಿಗುವುದಿಲ್ಲ.

ಟ್ರೋಫಿ ಬೇಟೆ ಕಳ್ಳಬೇಟೆಯಲ್ಲ. ಇದನ್ನು ಮೊದಲು ತಿಳಿದುಕೊಳ್ಳಬೇಕು. ಸರ್ಕಾರದ ಪರವಾನಗಿ ಪಡೆದು, ಶುಲ್ಕ ಕಟ್ಟಿ, ದೊಡ್ಡ ಕೊಂಬಿನ ಅಥವಾ ದಟ್ಟ ಕೇಸರದ ಪ್ರಾಣಿಯನ್ನು ಆರಿಸಿ ಕೊಲ್ಲುವುದು. ತಲೆ, ಚರ್ಮ, ದಂತವನ್ನು ಮನೆಗೆ ಒಯ್ದು ಗೋಡೆಗೆ ಹಾಕಿಕೊಳ್ಳುವುದು. ಸೆಸಿಲ್ ವಿಷಯದಲ್ಲೂ ಕೊನೆಗೆ ಜಿಂಬಾಬ್ವೆ ಸರ್ಕಾರ ಆ ಡಾಕ್ಟರ್ ಮೇಲೆ ಕೇಸು ಹಾಕಲಿಲ್ಲ. ಅವನ ಕಾಗದಪತ್ರ ಸರಿಯಾಗಿವೆ ಎಂದಿತು. ಜೊತೆಗಿದ್ದ ಸ್ಥಳೀಯ ಬೇಟೆಗಾರನ ಮೇಲಿನ ಕೇಸೂ ಮುಂದಿನ ವರ್ಷ ಬಿದ್ದುಹೋಯಿತು. ಅಂದರೆ ಜನರ ಸಿಟ್ಟು ಕಾನೂನು ಮುರಿದದ್ದರ ಬಗ್ಗೆ ಇರಲಿಲ್ಲ. ಕಾನೂನು ಇಂಥದ್ದಕ್ಕೆ ಅವಕಾಶ ಕೊಟ್ಟಿದೆಯಲ್ಲ, ಅದರ ಬಗ್ಗೆ ಇತ್ತು.

ನನ್ನ ಮಟ್ಟಿಗೆ ಹೇಳುವುದಾದರೆ, ಖುಷಿಗಾಗಿ ಕೊಲ್ಲುವುದು ತಪ್ಪು. ಹಣ ಕೊಟ್ಟು ಕೊಂದರೆ ಅದು ಸರಿಯಾಗುವುದಿಲ್ಲ. ಸತ್ತ ಪ್ರಾಣಿಯ ತಲೆ ಎತ್ತಿ ಹಿಡಿದು, ನಗುತ್ತ ಫೋಟೊ ತೆಗೆಸಿಕೊಳ್ಳುವುದನ್ನು ನೋಡಿದಾಗ ಹೊಟ್ಟೆ ತೊಳಸಿದಂತಾಗುತ್ತದೆ. ಹಸಿವಿನ ಬೇಟೆಗೂ, ಪ್ರಾಣ ಉಳಿಸಿಕೊಳ್ಳುವ ಬೇಟೆಗೂ ಒಂದು ಒತ್ತಾಯ ಇರುತ್ತದೆ. ಇಲ್ಲಿ ಅದಿಲ್ಲ. 2025ರ ಯುಗಾದಿ ಹೊತ್ತಿಗೆ ರಾಯಚೂರು ಜಿಲ್ಲೆಯಲ್ಲಿ ಮೊಲಗಳನ್ನು ಬೇಟೆಯಾಡಿ ಮೆರವಣಿಗೆ ಮಾಡಿದ ವಿಡಿಯೊ ಬಂದಾಗಲೂ ಜನರಿಗೆ ಚುಚ್ಚಿದ್ದು ಇದೇ. ಕೊಂದದ್ದಕ್ಕಿಂತ ಮೆರೆಸಿದ್ದು ಜಾಸ್ತಿ ನೋವು ಕೊಟ್ಟಿತು.

ಆದರೆ ಆಫ್ರಿಕಾದವರ ಮಾತನ್ನೂ ಕೇಳಬೇಕು. ಸಹಾರಾ ಮರುಭೂಮಿಯ ಕೆಳಗಿನ ಆಫ್ರಿಕಾದಲ್ಲಿ ಟ್ರೋಫಿ ಬೇಟೆಗೆ ಬಿಟ್ಟ ಭೂಮಿ ಸುಮಾರು 14 ಲಕ್ಷ ಚದರ ಕಿಲೋಮೀಟರ್ ಎಂದು 2007ರ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ನಮ್ಮ ಇಡೀ ಕರ್ನಾಟಕದ ಏಳು ಪಟ್ಟು. ಅಲ್ಲಿನ ರಾಷ್ಟ್ರೀಯ ಉದ್ಯಾನಗಳೆಲ್ಲ ಸೇರಿದರೂ ಅಷ್ಟಾಗುವುದಿಲ್ಲ. ಈ ಭೂಮಿಯ ಬಹುಪಾಲಿಗೆ ಪ್ರವಾಸಿಗರು ಬರುವುದಿಲ್ಲ. ರಸ್ತೆ ಇಲ್ಲ, ಹೋಟೆಲ್ ಇಲ್ಲ, ಬಯಲಲ್ಲಿ ಪ್ರಾಣಿಗಳು ಸುಲಭವಾಗಿ ಕಣ್ಣಿಗೆ ಬೀಳುವುದೂ ಇಲ್ಲ. ಬೇಟೆಯ ಹಣ ನಿಂತರೆ ಆ ಜಾಗ ಕಾಡಾಗಿ ಉಳಿಯುವುದೋ, ದನ ಮೇಯಿಸುವ ಬಯಲಾಗುವುದೋ ಎಂಬುದು ಅವರ ಪ್ರಶ್ನೆ.

ನಮೀಬಿಯಾ 1996ರಲ್ಲಿ ಕಾನೂನು ತಂದು ಊರಿನವರ ಸಮಿತಿಗಳಿಗೆ ತಮ್ಮ ಜಾಗದ ವನ್ಯಜೀವಿಗಳ ಮೇಲೆ ಹಕ್ಕು ಕೊಟ್ಟಿತು. ಪ್ರವಾಸಿಗರಿಂದ ಬಂದ ಹಣವೂ, ಬೇಟೆಯಿಂದ ಬಂದ ಹಣವೂ ಸಮಿತಿಗೆ. ಆನೆ ಹೊಡೆದರೆ ಮಾಂಸ ಊರಿಗೆ. 2014ರಲ್ಲಿ ಅಲ್ಲಿನ ಒಂದು ಕಪ್ಪು ಘೇಂಡಾಮೃಗವನ್ನು ಬೇಟೆಯಾಡುವ ಪರವಾನಗಿ ಅಮೆರಿಕದ ಡಲ್ಲಾಸ್‌ನಲ್ಲಿ 3,50,000 ಡಾಲರ್‌ಗೆ ಹರಾಜಾಯಿತು. ಸಂತಾನ ಹುಟ್ಟಿಸುವ ವಯಸ್ಸು ದಾಟಿದ, ಬೇರೆ ಗಂಡುಗಳ ಮೇಲೆ ಬೀಳುವ ಮುದಿ ಘೇಂಡಾವನ್ನೇ ಕೊಡುವುದು, ಹಣ ಘೇಂಡಾಗಳ ರಕ್ಷಣೆಗೇ ಹೋಗುವುದು ಎಂದು ಹೇಳಿದರು. ಆಗಲೂ ಜಗತ್ತು ಉರಿದೆದ್ದಿತು. ಹರಾಜು ಗೆದ್ದವನಿಗೆ ಕೊಲೆ ಬೆದರಿಕೆ ಬಂದವು.

ಬೋಟ್ಸ್ವಾನಾದ ಕಥೆ ಇನ್ನೂ ಗಂಟುಗಂಟು. ಅಲ್ಲಿ ಸುಮಾರು 1,30,000 ಆನೆಗಳಿವೆ. ಬೇರಾವ ದೇಶದಲ್ಲೂ ಇಷ್ಟಿಲ್ಲ. 2014ರಲ್ಲಿ ಟ್ರೋಫಿ ಬೇಟೆ ನಿಲ್ಲಿಸಿದರು. ಹಳ್ಳಿಗಳ ಆದಾಯ ನಿಂತಿತು, ಆನೆ ಹಾವಳಿ ನಿಲ್ಲಲಿಲ್ಲ. 2019ರಲ್ಲಿ ನಿಷೇಧ ತೆಗೆದರು. 2024ರಲ್ಲಿ ಜರ್ಮನಿ ಟ್ರೋಫಿ ಆಮದಿಗೆ ಕಡಿವಾಣ ಹಾಕುವ ಮಾತಾಡಿದಾಗ, ಬೋಟ್ಸ್ವಾನಾದ ಅಂದಿನ ಅಧ್ಯಕ್ಷ ಮಸಿಸಿ, ಹಾಗಾದರೆ 20,000 ಆನೆ ನಿಮ್ಮ ದೇಶಕ್ಕೇ ಕಳಿಸುತ್ತೇನೆ, ಅವುಗಳ ಜೊತೆ ಬಾಳಿ ತೋರಿಸಿ ಎಂದರು. ತುಂಬ ಜನ ಇದನ್ನು ಜೋಕು ಎಂದುಕೊಂಡರು. ರಾತ್ರಿ ಆನೆ ಬಂದು ಜೋಳ ತುಳಿದು ಹೋಗುವ ಊರಿನವರಿಗೆ ಅದು ಜೋಕಾಗಿ ಕೇಳಿಸಿರಲಿಕ್ಕಿಲ್ಲ.

ಬೆಳಗಾವಿಯವರು 2022ರ ಆಗಸ್ಟ್ ನೆನಪು ಮಾಡಿಕೊಳ್ಳಲಿ. ಗಾಲ್ಫ್ ಮೈದಾನದ ಹತ್ತಿರ ಒಂದೇ ಒಂದು ಚಿರತೆ ಕಾಣಿಸಿತು. ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟರು. ಬೆಳಗಿನ ವಾಕಿಂಗ್ ನಿಂತಿತು. ಶಿವಮೊಗ್ಗದ ಸಕ್ರೆಬೈಲಿನಿಂದ ಆನೆ ತರಿಸಿ ಪೊದೆ ಪೊದೆ ಹುಡುಕಿದರು. ಚಿರತೆ ಕೈಗೆ ಸಿಗಲಿಲ್ಲ. ಕೆಲವು ವಾರಗಳ ಆ ಭಯವೇ ನಗರಕ್ಕೆ ಸಾಕಾಗಿತ್ತು. ವರ್ಷವಿಡೀ ಅದೇ ಭಯದಲ್ಲಿರುವವರು ದೂರದ ನಗರಗಳ ಸಿಟ್ಟನ್ನು ಯಾಕೆ ಅನುಮಾನದಿಂದ ನೋಡುತ್ತಾರೆ ಅನ್ನುವುದು ಇದರಿಂದ ಅರ್ಥವಾಗುತ್ತದೆ, ಅಲ್ವಾ?

ಹಾಗಂತ ಬೇಟೆಯ ಪರ ಇರುವವರ ಲೆಕ್ಕವೂ ಪೂರ್ತಿ ನಂಬುವಂಥದ್ದಲ್ಲ. ಜಿಂಬಾಬ್ವೆಯಲ್ಲಿ 1980ರ ದಶಕದಲ್ಲೇ ಊರಿನವರಿಗೆ ಪಾಲು ಕೊಡುವ ಯೋಜನೆ ಬಂದಿತ್ತು. ಹಣ ಎಷ್ಟೋ ಕಡೆ ಜಿಲ್ಲಾ ಮಂಡಳಿಯ ಮಟ್ಟದಲ್ಲೇ ನಿಂತಿತು ಎಂಬ ದೂರು ಇಂದಿಗೂ ಇದೆ. ದಕ್ಷಿಣ ಆಫ್ರಿಕಾದಲ್ಲಿ ಸಾವಿರಾರು ಸಿಂಹಗಳನ್ನು ಬೇಲಿಯೊಳಗೆ ಸಾಕುತ್ತಾರೆ. ಮರಿಯಿದ್ದಾಗ ಪ್ರವಾಸಿಗರಿಗೆ ಮುದ್ದು ಮಾಡಲು ಕೊಡುತ್ತಾರೆ. ಬೆಳೆದ ಮೇಲೆ ಅದೇ ಬೇಲಿಯೊಳಗೆ ಗುಂಡು ಹೊಡೆಯಲು ಕೊಡುತ್ತಾರೆ. ಇದರಿಂದ ಕಾಡಿಗೆ ಒಂದು ಕಾಸಿನ ಉಪಯೋಗವಿಲ್ಲ. ಇದನ್ನು ನಿಲ್ಲಿಸುವುದಾಗಿ ಅಲ್ಲಿನ ಸರ್ಕಾರವೇ 2021ರಲ್ಲಿ ಹೇಳಿತು. ಕಾಡಿನ ಸಿಂಹದ ವಿಷಯದಲ್ಲೂ ಅಪಾಯ ಇದೆ. ಗುಂಪಿನ ಯಜಮಾನ ಗಂಡು ಸತ್ತರೆ ಹೊಸದಾಗಿ ಬರುವ ಗಂಡುಗಳು ಹಳೆಯ ಮರಿಗಳನ್ನು ಕೊಲ್ಲುತ್ತವೆ. ಒಂದು ತಲೆಗೆ ಶುಲ್ಕ ಕಟ್ಟಿಸಿಕೊಂಡು ನಾಲ್ಕೈದು ಜೀವ ಕಳೆದುಕೊಂಡಂತಾಗುತ್ತದೆ.

ಬರೀ ನಿಷೇಧವೂ ಸಾಕಾಗುವುದಿಲ್ಲ. ಕೀನ್ಯಾ 1977ರಲ್ಲೇ ಬೇಟೆ ನಿಲ್ಲಿಸಿತು. ಅಲ್ಲಿಂದ 2016ರ ಹೊತ್ತಿಗೆ ಅಲ್ಲಿನ ದೊಡ್ಡ ಸಸ್ಯಾಹಾರಿ ಪ್ರಾಣಿಗಳು ಸರಾಸರಿ 68 ಶೇಕಡ ಕಡಿಮೆಯಾದವು. ಕಾರಣ ಬೇಟೆಯ ನಿಷೇಧವಲ್ಲ. ಜನ ಹೆಚ್ಚಾದರು, ಬೇಲಿ ಹೆಚ್ಚಾದವು, ದನ ಕುರಿ ಹೆಚ್ಚಾದವು. ಆ ನೆಲದಲ್ಲಿ ಪ್ರಾಣಿಯನ್ನು ಉಳಿಸಿಕೊಳ್ಳಲು ಯಾರಿಗೂ ಒಂದು ಕಾರಣ ಇರಲಿಲ್ಲ.

ಈಗ ನಮ್ಮ ಮನೆಯ ಕಡೆ ನೋಡೋಣ. ಬೆಳಗಾವಿಯಿಂದ ಕೊಲ್ಲಾಪುರದ ಅಂಬಾಬಾಯಿ ದರ್ಶನಕ್ಕೆ ಹೋದವರು ಅರಮನೆಯ ಮ್ಯೂಸಿಯಮ್ಮನ್ನೂ ನೋಡಿ ಬರುವುದು ವಾಡಿಕೆ. ಅಲ್ಲಿ ಹೊಟ್ಟು ತುಂಬಿ ನಿಲ್ಲಿಸಿದ ಹುಲಿ, ಚಿರತೆಗಳಿವೆ. ಹತ್ತಿರ ಹೋಗಿ ನೋಡಿದರೆ ಗಾಜಿನ ಕಣ್ಣು, ಬಣ್ಣ ಮಾಸಿದ ಕೂದಲು, ಬಣ್ಣ ಬಳಿದ ನಾಲಗೆ. ಮಕ್ಕಳು ಹುಲಿಯ ಮುಂದೆ ನಿಂತು ಬಾಯಿ ತೆರೆದು ನೋಡುತ್ತವೆ. ದೊಡ್ಡವರಿಗೆ ಅಲ್ಲಿ ಸಿಟ್ಟು ಬರುವುದಿಲ್ಲ. ಹಳೆಯದಾದ್ದರಿಂದ ಅದು ಇತಿಹಾಸವಾಗಿಬಿಟ್ಟಿದೆ. ಇದೇ ಕೊಲ್ಲಾಪುರ ಸಂಸ್ಥಾನ ಕಳೆದ ಶತಮಾನದ ಮೊದಲ ದಶಕಗಳಲ್ಲಿ ಆಫ್ರಿಕಾದಿಂದ ಚೀತಾಗಳನ್ನು ತರಿಸಿ, ಪಳಗಿಸಿ, ಕೃಷ್ಣಮೃಗಗಳ ಬೆನ್ನಟ್ಟಿಸುತ್ತಿತ್ತು. ನಮ್ಮ ದೇಶದ ಚೀತಾ ಆಗಲೇ ಅಷ್ಟು ಅಪರೂಪವಾಗಿತ್ತು. 1952ರಲ್ಲಿ ಅದು ಭಾರತದಲ್ಲಿ ಇಲ್ಲವಾಯಿತೆಂದು ಸರ್ಕಾರವೇ ಹೇಳಿತು. 2022ರಲ್ಲಿ ಮಧ್ಯಪ್ರದೇಶದ ಕುನೋ ಕಾಡಿಗೆ ಬಂದ ಮೊದಲ ಎಂಟು ಚೀತಾಗಳನ್ನು ಕೊಟ್ಟದ್ದು ನಮೀಬಿಯಾ. ಟ್ರೋಫಿ ಬೇಟೆ ನಡೆಸುವ ಅದೇ ನಮೀಬಿಯಾ. ಬೇಟೆಯಾಡಿ ಕಳೆದುಕೊಂಡ ದೇಶ, ಬೇಟೆ ಮಾರುವ ದೇಶದಿಂದ ಪ್ರಾಣಿ ತಂದಿತು. ಈ ವಿಷಯದಲ್ಲಿ ಸುಲಭದ ತೀರ್ಪು ಕೊಡುವ ಮುಂಚೆ ಇದನ್ನು ಒಮ್ಮೆ ಯೋಚಿಸಬೇಕು.

ಬೇಟೆ ಯಾರಿಗೆ ಮೋಜು, ಯಾರಿಗೆ ಅಪರಾಧ ಎನ್ನುವುದನ್ನು ಯಾವಾಗಲೂ ಅಧಿಕಾರ ಇದ್ದವರೇ ತೀರ್ಮಾನಿಸಿದ್ದಾರೆ. 1857ರಲ್ಲಿ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾನೂನು ತಂದರು. ಮುಧೋಳ ಹತ್ತಿರದ ಹಲಗಲಿಯ ಬೇಡರು ಕೊಡುವುದಿಲ್ಲ ಎಂದರು. ಆಯುಧ ಅವರಿಗೆ ಹೊಟ್ಟೆಪಾಡು, ಮಾನ ಎರಡೂ ಆಗಿತ್ತು. ಊರಿಗೆ ಬೆಂಕಿ ಬಿತ್ತು, ಹಲವರನ್ನು ಗಲ್ಲಿಗೇರಿಸಿದರು. ಆಮೇಲಿನ 90 ವರ್ಷ ಇದೇ ದೇಶದ ಕಾಡುಗಳಲ್ಲಿ ಸಾಹೇಬರೂ ರಾಜರೂ ಮೋಜಿನ ಶಿಕಾರಿ ಮಾಡಿದರು. ಸತ್ತ ಹುಲಿಗಳನ್ನು ಸಾಲಾಗಿ ಮಲಗಿಸಿ, ಹಿಂದೆ ಕುರ್ಚಿ ಹಾಕಿ ಫೋಟೊ ತೆಗೆಸಿಕೊಂಡರು. ಮೈಸೂರಿನ ವ್ಯಾನ್ ಇಂಗೆನ್ ಕಂಪನಿ ಸಾವಿರಾರು ಹುಲಿ, ಚಿರತೆಗಳ ತಲೆ ಮತ್ತು ಚರ್ಮ ಹದ ಮಾಡಿ ಗೋಡೆಗೆ ಹಾಕುವಂತೆ ಮಾಡಿಕೊಟ್ಟಿತು. ಹೊಟ್ಟೆಗಾಗಿ ಬೇಟೆಯಾಡುತ್ತಿದ್ದವರು ಮಾತ್ರ ಕಳ್ಳರಾದರು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೋಜಿನ ಬೇಟೆಗೆ ಬಾಗಿಲು ಹಾಕಿತು. ನನ್ನ ಪ್ರಕಾರ ಸ್ವತಂತ್ರ ಭಾರತದ ಅತ್ಯಂತ ಒಳ್ಳೆಯ ಕಾನೂನುಗಳಲ್ಲಿ ಇದೂ ಒಂದು. 1972ರಲ್ಲಿ ಎಣಿಸಿದಾಗ ದೇಶದಲ್ಲಿ 1,827 ಹುಲಿಗಳಿದ್ದವು. 2022ರ ಅಂದಾಜು 3,682. ಆಗ ಹೆಜ್ಜೆಗುರುತು ನೋಡಿ ಎಣಿಸುತ್ತಿದ್ದರು, ಈಗ ಕ್ಯಾಮೆರಾ ಇಟ್ಟು ಎಣಿಸುತ್ತಾರೆ. ಹಾಗಾಗಿ ಎರಡನ್ನೂ ಪಕ್ಕ ಪಕ್ಕ ಇಡುವುದು ಪೂರ್ತಿ ಸರಿಯಲ್ಲ. ಆದರೂ ಒಂದು ಮಾತು ಖಚಿತ. ಒಂದೇ ಒಂದು ಹುಲಿಯ ತಲೆ ಮಾರದೆ ನಾವು ಹುಲಿ ಉಳಿಸಿಕೊಂಡಿದ್ದೇವೆ. ಬೇಟೆಯ ಹಣ ಇಲ್ಲದಿದ್ದರೆ ಕಾಡು ಉಳಿಯುವುದಿಲ್ಲ ಎನ್ನುವವರಿಗೆ ಇದಕ್ಕಿಂತ ಗಟ್ಟಿ ಉತ್ತರ ಬೇಕಿಲ್ಲ.

ಆದರೆ ಯಾರೋ ಬೆಲೆ ಕಟ್ಟುತ್ತಿದ್ದಾರೆ. ಆಫ್ರಿಕಾದಲ್ಲಿ ಬೇಟೆಗಾರ ಕಟ್ಟುವ ಹಣದಲ್ಲಿ ಸ್ವಲ್ಪವಾದರೂ ಊರಿಗೆ ಬರುತ್ತದೆ. ನಮ್ಮಲ್ಲಿ ಆ ಬೆಲೆಯನ್ನು ಊರಿನವನೇ ಕಟ್ಟುತ್ತಾನೆ.

ಕೃಷ್ಣಮೃಗವನ್ನೇ ನೋಡಿ. ನಮ್ಮ ಕಡೆ ಚಿಗರಿ ಅಂತಲೇ ಕರೆಯುತ್ತೇವೆ. 2025ರ ನವೆಂಬರ್‌ನಲ್ಲಿ ಬೆಳಗಾವಿ ಹತ್ತಿರದ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚನ್ನಮ್ಮ ಮೃಗಾಲಯದಲ್ಲಿ ಕೆಲವೇ ದಿನಗಳಲ್ಲಿ ಸುಮಾರು 30 ಕೃಷ್ಣಮೃಗಗಳು ಗಳಲೆ ರೋಗದಿಂದ ಸತ್ತವು. ಇಡೀ ರಾಜ್ಯ ಮರುಗಿತು, ತನಿಖೆಗೆ ಆದೇಶವಾಯಿತು. ಮರುಗಿದ್ದು ಸರಿಯೇ. 1998ರಲ್ಲಿ ಜೋಧಪುರದ ಹತ್ತಿರ ಎರಡು ಕೃಷ್ಣಮೃಗಗಳನ್ನು ಕೊಂದ ಕೇಸಿನಲ್ಲಿ ನಟ ಸಲ್ಮಾನ್ ಖಾನ್‌ಗೆ 2018ರಲ್ಲಿ ಐದು ವರ್ಷ ಶಿಕ್ಷೆ ಆದಾಗಲೂ ದೇಶ ಕಣ್ಣಗಲಿಸಿ ನೋಡಿತು. ಇನ್ನು ಅಮೆರಿಕದ ಟೆಕ್ಸಾಸ್‌ನಲ್ಲಿ ಇದೇ ಚಿಗರಿಗೆ ದರಪಟ್ಟಿ ಇದೆ. 1930ರ ದಶಕದಲ್ಲಿ ಅಲ್ಲಿಗೆ ಒಯ್ದ ಕೃಷ್ಣಮೃಗಗಳ ಸಂತತಿ ಈಗ ಸಾವಿರಾರು. ಖಾಸಗಿ ಜಮೀನುಗಳಲ್ಲಿ ಸಾಕಿ, ಶುಲ್ಕ ತೆಗೆದುಕೊಂಡು ಬೇಟೆಗೆ ಬಿಡುತ್ತಾರೆ. ಪಾಕಿಸ್ತಾನ ತನ್ನಲ್ಲಿ ಇಲ್ಲವಾದ ಕೃಷ್ಣಮೃಗವನ್ನು 1970ರ ದಶಕದ ಹೊತ್ತಿಗೆ ಟೆಕ್ಸಾಸ್‌ನಿಂದಲೇ ವಾಪಸ್ ತರಿಸಿಕೊಂಡಿತು.

ಅದೇ ಚಿಗರಿ ವಿಜಯಪುರ, ಬಾಗಲಕೋಟೆಯ ಎರೆ ಹೊಲದಲ್ಲಿ ಬೇರೆಯೇ ಪ್ರಾಣಿ. ಜೂನ್‌ನಲ್ಲಿ ಹದ ಮಳೆಯಾಗುತ್ತದೆ. ಹೆಸರು, ಹತ್ತಿ ಬಿತ್ತುತ್ತಾರೆ. ಎರಡು ಎಲೆ ಒಡೆಯುವ ಹೊತ್ತಿಗೆ ಹಿಂಡು ಬರುತ್ತದೆ. ರಾತ್ರಿ ಹತ್ತಿಪ್ಪತ್ತು ಚಿಗರಿ ಸಾಲು ಹಿಡಿದು ಮೇಯುತ್ತವೆ. ಬೆಳಿಗ್ಗೆ ಹೋಗಿ ನೋಡಿದರೆ ಕರಿ ಮಣ್ಣಿನಲ್ಲಿ ಗೊರಸಿನ ಗುರುತು, ಬುಡಕ್ಕೆ ಕತ್ತರಿಸಿದ ದಂಟು. ಮತ್ತೆ ಬಿತ್ತಬೇಕೆಂದರೆ ಬೀಜದ ರೊಕ್ಕ ಬೇಕು. ರೊಕ್ಕ ಸಿಕ್ಕರೂ ಹದ ಸಿಗುವುದಿಲ್ಲ. ಹಳೆಯ ಸೀರೆಗಳನ್ನು ಹೊಲದ ಸುತ್ತ ಕಟ್ಟುತ್ತಾರೆ. ಕೆಂಪು, ಹಸಿರು, ಹಳದಿ ಸೆರಗು ಗಾಳಿಗೆ ಪಟಪಟ ಅನ್ನುತ್ತದೆ. ಮೊದಲ ವಾರ ಚಿಗರಿ ಹೆದರುತ್ತವೆ. ಎರಡನೇ ವಾರ ಸೀರೆ ದಾಟಿ ಬರುತ್ತವೆ. ಆಮೇಲೆ ಮನುಷ್ಯನೇ ಹೋಗಿ ಮಲಗಬೇಕು. ಬ್ಯಾಟರಿ ಹಿಡಿದು, ತಾಟು ಬಡಿದು, ಹೋ ಎಂದು ಕೂಗುತ್ತ ರಾತ್ರಿ ಕಳೆಯಬೇಕು. ಹಾವಿನ ಭಯ ಬೇರೆ.

ಇಷ್ಟಾದರೂ ಈ ಭಾಗದ ರೈತರ ಬಾಯಲ್ಲಿ ಚಿಗರಿ ಕೊಲ್ಲಿ ಎಂಬ ಮಾತು ಬರುವುದು ಕಡಿಮೆ. 'ಅದೂ ಹೊಟ್ಟಿಗೇ ತಿಂತೈತ್ರಿ, ಆದ್ರ ನಮ್ಮ ಹೊಟ್ಟಿ ಯಾರ್ ಕೇಳ್ಬೇಕ್ರಿ' ಅನ್ನುವ ಧಾಟಿಯ ಮಾತೇ ಜಾಸ್ತಿ. ಬೀಳಗಿ, ಮುಧೋಳ ಭಾಗದ ಯಡಹಳ್ಳಿಯಲ್ಲಿ ಚಿಂಕಾರ ಎಂಬ ಪುಟ್ಟ ಹುಲ್ಲೆಗಳಿಗೆಂದೇ ವನ್ಯಜೀವಿಧಾಮ ಆಗಿದೆ. 96 ಚದರ ಕಿಲೋಮೀಟರ್. ಹೆಮ್ಮೆಯ ವಿಷಯ. ಆದರೆ ಚಿಂಕಾರಕ್ಕೂ ಚಿಗರಿಗೂ ನಕ್ಷೆಯ ಗೆರೆ ಗೊತ್ತಿಲ್ಲ. ಗೆರೆಯ ಆಚೆ ಇರುವುದು ರೈತನ ಉತಾರದ (ಪಹಣಿಯ) ಜಮೀನು.

ಬೆಳೆ ಹಾನಿಗೆ ಪರಿಹಾರ ಕೊಡುವ ನಿಯಮ ಇದೆ. ಅರ್ಜಿ ಬರೆಯಬೇಕು, ಉತಾರ ಹಚ್ಚಬೇಕು, ಫೋಟೊ ಕೊಡಬೇಕು, ಸಿಬ್ಬಂದಿ ಬಂದು ನೋಡಿ ಬರೆದುಕೊಳ್ಳಬೇಕು. ಆನೆ ತುಳಿದ ಬಾಳೆ ತೋಟ ದೂರದಿಂದಲೇ ಕಾಣುತ್ತದೆ. ಚಿಗರಿ ತಿಂದ ಮೊಳಕೆ ಕಾಣುವುದಿಲ್ಲ. ನಾಲ್ಕು ದಿನ ಬಿಟ್ಟು ಬಂದು ನೋಡಿದರೆ ಖಾಲಿ ಸಾಲು ಅಷ್ಟೇ. ಬೀಜ ಹುಟ್ಟಲಿಲ್ಲವೋ, ಪ್ರಾಣಿ ತಿಂದಿತೋ ಎಂದು ಕೇಳಿದರೆ ರೈತ ಏನು ತೋರಿಸಬೇಕು? ಒಂದೆರಡು ಎಕರೆಯ ಪರಿಹಾರಕ್ಕಾಗಿ ಕಚೇರಿಗೆ ಅಲೆದು, ಕೂಲಿ ಕಳೆದುಕೊಂಡು, ಸುಮ್ನೆ ಬಿಟ್ಟುಬಿಡುವವರು ಎಷ್ಟೋ ಮಂದಿ. ಹಾಗೆ ಬಿಟ್ಟುಬಿಟ್ಟ ನಷ್ಟ ಯಾವ ಪುಸ್ತಕದಲ್ಲೂ ಬರುವುದಿಲ್ಲ.

ಈ ತಾಳ್ಮೆಗೂ ಕೊನೆ ಇರುತ್ತದೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಮೈಗೆ ವಿಷ ಹಾಕಿದ್ದರು. ಅಲ್ಲಿ ಗೋಡೆಗೆ ಹಾಕಲು ತಲೆ ಬೇಕೆಂದವರಿಲ್ಲ, ನಗುವ ಫೋಟೊ ಇಲ್ಲ, ಡಾಲರ್ ಇಲ್ಲ. ಹಸು ಕಳೆದುಕೊಂಡ ಸಿಟ್ಟು ಮಾತ್ರ. ಅದು ಅಪರಾಧವೇ, ಶಿಕ್ಷೆ ಆಗಲೇಬೇಕು. ಆದರೆ ಒಬ್ಬ ಟ್ರೋಫಿ ಬೇಟೆಗಾರ ಅಷ್ಟು ದುಡ್ಡು ಸುರಿದು ಒಂದು ಸಿಂಹ ಕೊಂದ. ಇಲ್ಲಿ ಒಂದು ಪೊಟ್ಟಣ ವಿಷ ಒಂದೇ ಸಲ ಐದು ಹುಲಿಗಳನ್ನು ತೆಗೆಯಿತು.

ಹಾಗಾದರೆ ನಮ್ಮ ಹೊಲದ ಚಿಗರಿಗೂ ದರ ಕಟ್ಟಿ, ಬಂದ ಹಣ ರೈತರಿಗೆ ಕೊಡಬಹುದಲ್ಲ ಎಂದು ಕೇಳುವವರಿದ್ದಾರೆ. ಪಾಕಿಸ್ತಾನದ ಮಾರ್ಖೋರ್ ಕಾಡುಮೇಕೆಯ ಉದಾಹರಣೆ ಕೊಡುತ್ತಾರೆ. ಅಲ್ಲಿ ವರ್ಷಕ್ಕೆ ಕೆಲವೇ ಪರವಾನಗಿ, ಒಂದಕ್ಕೆ ಲಕ್ಷ ಡಾಲರ್‌ಗೂ ಜಾಸ್ತಿ, ಅದರಲ್ಲಿ 80 ಶೇಕಡ ಊರಿಗೆ. ಮಾರ್ಖೋರ್ ಸಂಖ್ಯೆ ಚೇತರಿಸಿಕೊಂಡಿದ್ದೂ ನಿಜ. ಆದರೂ ನಾನು ಇದನ್ನು ಒಪ್ಪುವುದಿಲ್ಲ. ಅದು ಜನ ವಿರಳವಾಗಿರುವ ಬೆಟ್ಟ. ನಮ್ಮದು ಹೊಲಕ್ಕೆ ಹೊಲ, ಊರಿಗೆ ಊರು ಅಂಟಿಕೊಂಡ ಬಯಲು. ಇಲ್ಲಿ ಬಂದೂಕು ಬಂದರೆ ಕಾನೂನಿನ ಬೇಟೆ ಯಾವುದು, ಕಳ್ಳಬೇಟೆ ಯಾವುದು ಅಂತ ಬೇರೆ ಮಾಡುವುದು ಆಗದ ಮಾತು. 1972ರ ಕಾಯ್ದೆ ಚಿಗರಿಯಂಥ ಮೊದಲನೇ ಪಟ್ಟಿಯ ಪ್ರಾಣಿಯನ್ನು ಬೆಳೆ ತಿಂದಿತೆಂಬ ಕಾರಣಕ್ಕೆ ಕೊಲ್ಲಲು ಬಿಡುವುದಿಲ್ಲ. ಅದು ಹಾಗೇ ಇರಬೇಕು. ಒಮ್ಮೆ ಆ ಬಾಗಿಲು ತೆರೆದರೆ ಮತ್ತೆ ಮುಚ್ಚಲು ಆಗದು.

ಕೊಲ್ಲಬಾರದು ಎಂದು ಇಡೀ ಸಮಾಜ ತೀರ್ಮಾನಿಸಿದ ಮೇಲೆ ಅದರ ಖರ್ಚನ್ನೂ ಇಡೀ ಸಮಾಜವೇ ಕೊಡಬೇಕು. ನನ್ನ ವಾದ ಇಷ್ಟೇ. 2023ರ ಅಕ್ಟೋಬರ್‌ನಲ್ಲಿ ಟಿವಿ ಶೋ ಒಂದರ ಸ್ಪರ್ಧಿಯನ್ನು ಹುಲಿ ಉಗುರಿನ ಲಾಕೆಟ್ ಹಾಕಿಕೊಂಡಿದ್ದಕ್ಕೆ ಬಂಧಿಸಿದಾಗ ರಾಜ್ಯವೆಲ್ಲ ಉಗುರು ಹುಡುಕಲು ನಿಂತಿತು. ನಟರ ಮನೆ, ರಾಜಕಾರಣಿಗಳ ಕೊರಳು ಯಾವುದನ್ನೂ ಬಿಡಲಿಲ್ಲ. ಆ ಹುರುಪಿನ ಅರ್ಧದಷ್ಟು ಬೆಳೆ ಪರಿಹಾರದ ಅರ್ಜಿಗಳ ಹಿಂದೆ ಬಿದ್ದಿದ್ದರೆ ಎಷ್ಟೋ ಹೊಲಗಳ ಲೆಕ್ಕ ಚುಕ್ತಾ ಆಗುತ್ತಿತ್ತು.

ಪ್ರತಿ ವರ್ಷ ಚಳಿಗಾಲದಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಸೇರುತ್ತದೆ. ಉತ್ತರ ಕರ್ನಾಟಕದ ಪ್ರಶ್ನೆ ಎತ್ತಲೆಂದೇ ಕಟ್ಟಿದ ಕಟ್ಟಡ ಅದು. ಈ ಭಾಗದ ಶಾಸಕರು ಅಲ್ಲಿ ಕೇಳಬೇಕಾದ್ದು ಇದೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಚಿಗರಿ ಹಾನಿಯ ಅರ್ಜಿ ಎಷ್ಟು ಬಂದವು, ಎಷ್ಟು ತಿರಸ್ಕಾರವಾದವು, ಹಣ ರೈತನ ಖಾತೆಗೆ ಬೀಳಲು ಎಷ್ಟು ದಿನ ಹಿಡಿಯಿತು. ಮೊಳಕೆ ಹಂತದ ಹಾನಿಯನ್ನು ಎರಡು ದಿನದೊಳಗೆ ಬಂದು ನೋಡುವ ಸಿಬ್ಬಂದಿ ತಾಲ್ಲೂಕಿಗೆ ಎಷ್ಟಿದ್ದಾರೆ. ಮತ್ತೆ ಬಿತ್ತಲು ಬೀಜವನ್ನಾದರೂ ಹದ ಆರುವ ಮುಂಚೆ ಕೊಡಲು ಆಗುತ್ತದೆಯೇ. ಸೆಸಿಲ್‌ಗಾಗಿ ಕಣ್ಣೀರು ಹಾಕಿದ ನಮ್ಮಂಥವರು ಉತ್ತರ ಬರುವವರೆಗೂ ಈ ಪ್ರಶ್ನೆಗಳನ್ನು ಬಿಡಬಾರದು.